ಬಾಗಿಲು ತೆರೆದಿಲ್ಲ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇದನ್ನು ಕೊನೆಯವರೆಗೂ ಕೇಳಿ. ಅರ್ಧಕ್ಕೇ ಎದ್ದು ಹೋದರೆ ಶರ್ಬಾಣಿ ಮೈತಿ ಬಹಳ ಒಳ್ಳೆಯವಳು ಅಂದುಕೊಂಡು ಹೋಗುತ್ತೀರಿ. ಒಳ್ಳೆಯವಳೇ, ಸುಳ್ಳಲ್ಲ. ಆದರೂ ಕೇಳಿ.

ಆ ಮಂಗಳವಾರ ಬೆಳಿಗ್ಗೆ ಕಂಪ್ಯೂಟರಿನ ಪರದೆಯ ಮೇಲೆ ಒಂದು ಗೆರೆ ಏಳಬೇಕಿತ್ತು. ಪಿಯಾಲಿ ಹಾಜ್ರಾ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು, ಕೈ ಆಡಿಸಿದರೆ ಗೆರೆ ಹೆದರಿಬಿಡುತ್ತದೋ ಎಂಬಂತೆ. ಅವಳ ಹಿಂದೆ ಶರ್ಬಾಣಿ ನಿಂತಿದ್ದಳು. ಬೇರೆ ಗೆರೆಗಳೆಲ್ಲ ಒಂದೊಂದಾಗಿ ತಳ ಬಿಟ್ಟು ಮೇಲಕ್ಕೆ ಬಾಗಿದವು. ಏಳಲೇಬೇಕಾಗಿದ್ದ ಆ ಒಂದು ಕೆಂಪು ಗೆರೆ ಮಾತ್ರ ಕೊನೆಯ ತನಕ ತಳಕ್ಕೇ ಅಂಟಿಕೊಂಡು ಮಲಗಿತ್ತು.

"ಹತ್ತೊಂಬತ್ತು," ಎಂದಳು ಪಿಯಾಲಿ. "ಇನ್ನೊಂದ್ಸಲ ಮಾಡಿದ್ರೆ ಇಪ್ಪತ್ತು. ಶರ್ಬಾಣಿ ದಿದಿ, ನನ್ನ ಕೈಯಲ್ಲೇ ಏನೋ ಇದೆ."

"ಕೈಯಲ್ಲಿ ಏನಿರುತ್ತೆ ಮಾರಾಯ್ತಿ?"

"ನಿನ್ನ ಕೈಯಲ್ಲಿದ್ದದ್ದು ನನ್ನ ಕೈಯಲ್ಲಿಲ್ಲ. ಅದೇ ಇರೋದು."

ವಿಷಯ ಇಷ್ಟೇ. ಸ್ತನದಲ್ಲಿ ಗಡ್ಡೆ ಬೆಳೆದು ದಪ್ಪಗಾದಂತೆ ಅದರ ನಡುವಿಗೆ ರಕ್ತ ತಲುಪುವುದು ಕಷ್ಟವಾಗುತ್ತದೆ. ರಕ್ತ ತಲುಪದಲ್ಲಿ ಆಮ್ಲಜನಕವೂ ಇಲ್ಲ. ಅಲ್ಲಿನ ಕ್ಯಾನ್ಸರ್ ಕೋಶಗಳು ಉಸಿರುಗಟ್ಟಿ ಸಾಯಬೇಕು ತಾನೇ? ಎಷ್ಟೋ ಸಾಯುತ್ತವೆ. ಸಾಯದೆ ಉಳಿದವು ಬೇರೆಯೇ ಆಗಿಬಿಡುತ್ತವೆ. ಮಲಗಿದ್ದ ಜೀನ್‌ಗಳನ್ನು ಎಬ್ಬಿಸುತ್ತವೆ, ಎಚ್ಚರವಿದ್ದವನ್ನು ಮಲಗಿಸುತ್ತವೆ, ಔಷಧಿಗೂ ಬಗ್ಗದಷ್ಟು ಮೊಂಡಾಗುತ್ತವೆ. ಯಾವ ಜೀನ್ ಎದ್ದಿತು ಎಂದು ತಿಳಿದರೆ ಅದನ್ನು ಮಲಗಿಸುವ ದಾರಿಯನ್ನಾದರೂ ಹುಡುಕಬಹುದು. ಜೀನ್ ಎದ್ದರೆ ಪರದೆಯ ಮೇಲೆ ಅದರ ಗೆರೆಯೂ ಏಳುತ್ತದೆ. ಕೊಲ್ಕತ್ತಾದ ದಕ್ಷಿಣದ ಆ ಸಂಸ್ಥೆಯಲ್ಲಿ, ಮೂರನೇ ಮಹಡಿಯ ನಿರ್ಮಾಲ್ಯ ಗುಹ ಅವರ ಲ್ಯಾಬಿನಲ್ಲಿ ಎಲ್ಲರ ಹೊಟ್ಟೆಪಾಡೂ ಇದೇ ಆಗಿತ್ತು.

ಆರು ವರ್ಷದ ಹಿಂದೆ ಅಂಥ ಒಂದು ಜೀನನ್ನು ಕಂಡುಹಿಡಿದವಳು ಶರ್ಬಾಣಿ. ತೊಂಬತ್ತಾರು ಗುಳಿಗಳ ತಟ್ಟೆಯಲ್ಲಿ ಕಟ್ಟಕಡೆಯ ಗುಳಿಯಲ್ಲಿ ಅದು ಇದ್ದದ್ದರಿಂದ ಆ ಗುಳಿಯ ಹೆಸರೇ ಅದಕ್ಕೂ ಉಳಿಯಿತು, ಎಚ್-ಹನ್ನೆರಡು. ನಲವತ್ತೆಂಟು ಗಂಟೆ ಆಮ್ಲಜನಕ ತಪ್ಪಿಸಿದ ಕೋಶಗಳಲ್ಲಿ ಎಚ್-ಹನ್ನೆರಡರ ಗೆರೆ ಹಾವು ಹೆಡೆಯೆತ್ತಿದ ಹಾಗೆ ಎದ್ದಿತ್ತು. ಕೋಶ ಬೆಳೆಸಿದ ಮೂರು ಡಿಶ್‌ಗಳಲ್ಲಿ ಮೂರಕ್ಕೆ ಮೂರೂ. ಅದು ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು, ಅವಳಿಗೆ ಡಾಕ್ಟರೇಟ್ ಬಂತು, ಅದೇ ಲ್ಯಾಬಿನಲ್ಲಿ ಖಾಯಂ ಕೆಲಸವೂ ಸಿಕ್ಕಿತು. ಅಚ್ಚಾಗುವ ಮೊದಲು ಮಾರ್ಚಿನಲ್ಲಿ ಇನ್ನೊಮ್ಮೆ ಮಾಡಿ ನೋಡಿದಾಗ ಗೆರೆ ಎದ್ದಿರಲಿಲ್ಲ. ಆ ವಾರ ಗ್ಯಾಸ್ ಸಿಲಿಂಡರ್ ಕೈಕೊಟ್ಟಿರಬೇಕು ಎಂದರು ಗುಹ ಸರ್. ಇರಬೇಕು ಎಂದುಕೊಂಡಳು ಶರ್ಬಾಣಿ. ಆಮೇಲೆ ಹೊರದೇಶದ ಎರಡು ಲ್ಯಾಬ್‌ಗಳಿಂದ ಪತ್ರ ಬಂತು, ನಮ್ಮಲ್ಲಿ ಗೆರೆ ಏಳುತ್ತಿಲ್ಲ ಅಂತ. ಆಮ್ಲಜನಕ ತಪ್ಪಿಸುವ ನಿಮ್ಮ ಪೆಟ್ಟಿಗೆ ಎಲ್ಲೋ ಸೋರುತ್ತಿದೆ, ನೋಡಿಕೊಳ್ಳಿ ಎಂದು ಸರ್ ಉತ್ತರ ಬರೆಸಿದರು.

ಆ ಜೀನನ್ನು ಮುಂದುವರಿಸಲು ಬಂದವಳು ಪಿಯಾಲಿ. ಬಾಗ್ನಾನ್‌ನಿಂದ ದಿನಾ ಲೋಕಲ್ ರೈಲು ಹಿಡಿದು ಬರುತ್ತಿದ್ದಳು, ಅಮ್ಮ ಅಂಗನವಾಡಿಯಲ್ಲಿದ್ದರು, ಅಪ್ಪ ಇರಲಿಲ್ಲ. ಮೂರು ವರ್ಷದಲ್ಲಿ ಒಂದು ಸಲವೂ ಅವಳ ಕೈಗೆ ಎಚ್-ಹನ್ನೆರಡು ಏಳಲಿಲ್ಲ. ಮೊದಮೊದಲು ಲ್ಯಾಬಿನವರು ತಮಾಷೆ ಮಾಡುತ್ತಿದ್ದರು, ಪಿಯಾಲಿ ಮುಟ್ಟಿದರೆ ಜೀನ್ ಕಂಬಳಿ ಹೊದ್ದು ಮಲಗುತ್ತದೆ ಅಂತ. ಈಗ ತಮಾಷೆಯೂ ನಿಂತಿತ್ತು. ಅವಳು ಬಂದರೆ ಮಾತು ಬೇರೆ ಕಡೆ ಹೊರಳುತ್ತಿತ್ತು. ಸರ್ ಮಾತ್ರ ನೇರವಾಗಿ ಹೇಳಿದ್ದರು: ಶುಕ್ರವಾರದೊಳಗೆ ಒಂದು ಗೆರೆ ತೋರಿಸು, ಫೆಲೋಶಿಪ್ ಮುಂದುವರಿಸುವ ಕಾಗದಕ್ಕೆ ಸಹಿ ಹಾಕುತ್ತೇನೆ. ಇಲ್ಲವಾದರೆ ಎಲ್ಲಾದರೂ ಸ್ಕೂಲಲ್ಲಿ ಪಾಠ ಹೇಳಿಕೊ, ಅದೂ ಒಳ್ಳೆಯ ಕೆಲಸವೇ.

ಶರ್ಬಾಣಿ ಅವಳ ಜೊತೆ ಕೂತು ಪ್ರತಿ ಹೆಜ್ಜೆಯನ್ನೂ ನೋಡಿದ್ದಳು. ಎಲ್ಲೂ ತಪ್ಪಿಲ್ಲ. ಹುಡುಗಿಯ ಕೈ ಶರ್ಬಾಣಿಯ ಕೈಗಿಂತ ಚೊಕ್ಕ. ಒಂದೇ ಅನುಮಾನ ಉಳಿದಿತ್ತು, ಯಾರೋ ನಡುವೆ ಪೆಟ್ಟಿಗೆ ತೆರೆಯುತ್ತಿರಬಹುದೇ ಅಂತ. ಆ ಪೆಟ್ಟಿಗೆಯೊಳಗೆ ನೈಟ್ರೋಜನ್ ತುಂಬಿ ಆಮ್ಲಜನಕವನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಿ ಇಟ್ಟಿರುತ್ತಾರೆ. ಹೊರಗಿನ ಗಾಳಿಯಲ್ಲಿ ಇಪ್ಪತ್ತೊಂದು ಪಾಲು. ಒಂದು ನಿಮಿಷ ಬಾಗಿಲು ತೆರೆದರೂ ಎಲ್ಲ ಹಾಳು. ಅದಕ್ಕೇ ಶರ್ಬಾಣಿ ಎರಡು ವರ್ಷದ ಹಿಂದೆ ಒಂದು ನಿಯಮ ಮಾಡಿದ್ದಳು. ಪ್ರಯೋಗದ ಪುಸ್ತಕದಲ್ಲಿ ಪ್ರತಿ ಪುಟದ ಕೊನೆಗೆ "ನಲವತ್ತೆಂಟು ಗಂಟೆ ಬಾಗಿಲು ತೆರೆದಿಲ್ಲ" ಎಂದು ಬರೆಯಬೇಕು, ಕೆಳಗೆ ಹಿರಿಯರೊಬ್ಬರು ಸಾಕ್ಷಿ ಸಹಿ ಹಾಕಬೇಕು. ಹತ್ತೊಂಬತ್ತು ಪುಟಗಳಲ್ಲಿ ಹೆಚ್ಚಿನವಕ್ಕೆ ಸಾಕ್ಷಿ ಅವಳೇ.

"ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಹೊಸ ಮೂರು ಡಿಶ್ ಒಳಗಿಡೋಣ," ಎಂದಳು ಶರ್ಬಾಣಿ. "ಗುರುವಾರ ಹನ್ನೆರಡಕ್ಕೆ ತೆಗಿಯೋಣ. ಸಂಜೆಗೆ ಗೆರೆ ನೋಡಬಹುದು."

"ಗುರುವಾರ ವಿಶ್ವಕರ್ಮ ಪೂಜೆ."

"ಇದ್ರೆ ಇರ್ಲಿ. ನನ್ನ ಗೆರೆ ಎದ್ದಿದ್ದೂ ವಿಶ್ವಕರ್ಮ ಪೂಜೆ ದಿನವೇ."

ಮಾತು ನಿಜವೇ, ಹೇಳಿದ್ದು ಮಾತ್ರ ಹುಡುಗಿಗೆ ಧೈರ್ಯ ಬರಲಿ ಅಂತ. ಪೂಜೆಯ ದಿನ ಯಾರೂ ಯಂತ್ರ ಮುಟ್ಟುವುದಿಲ್ಲ. ಹಿಂದಿನ ದಿನವೇ ಎಲ್ಲ ಖಾಲಿ ಮಾಡಿ ಒರೆಸಿಡುತ್ತಾರೆ. ಶರ್ಬಾಣಿ ಆರು ವರ್ಷದ ಹಿಂದೆ ಒಂದು ಸಲ ಆ ಕ್ರಮ ಮುರಿದಿದ್ದಳು, ಈಗ ಪಿಯಾಲಿ.

ಗುರುವಾರ ಬೆಳಿಗ್ಗೆ ಹೊತ್ತಿಗೆ ಇಡೀ ಕಟ್ಟಡದಲ್ಲಿ ಹುರಿದ ಹೆಸರುಬೇಳೆಯ ಘಮ. ನೆಲಮಹಡಿಯ ವರ್ಕ್‌ಶಾಪಿನಲ್ಲಿ ಆನೆಯ ಮೇಲೆ ಕೂತ ವಿಶ್ವಕರ್ಮ, ಕೈಯಲ್ಲಿ ಒಂದು ಗಾಳಿಪಟ. ತಾರಸಿಯ ಮೇಲೆ ದೊಡ್ಡ ಹಂಡೆಯಲ್ಲಿ ಖಿಚುಡಿ, ಪಕ್ಕದ ಬಾಣಲೆಯಲ್ಲಿ ಬದನೆಕಾಯಿ ಬಜ್ಜಿ. ಸುತ್ತಲ ಮನೆಗಳ ತಾರಸಿಗಳಿಂದ ಬೆಳಿಗ್ಗೆ ಎಂಟಕ್ಕೇ ಗಾಳಿಪಟಗಳು ಮೇಲೇರಿದ್ದವು. ಯಾರದೋ ದಾರ ಕತ್ತರಿಸಿದಾಗಲೆಲ್ಲ "ಭೋಕಾಟ್ಟಾ" ಎಂಬ ಕೂಗು ಮೂರನೇ ಮಹಡಿಯ ಕಿಟಕಿಯವರೆಗೂ ಬರುತ್ತಿತ್ತು.

ಪಿಯಾಲಿ ಪೆಟ್ಟಿಗೆಯ ಎದುರು ಸ್ಟೂಲ್ ಹಾಕಿಕೊಂಡು ಕೂತಿದ್ದಳು, ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂತ ಹಾಗೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಶರ್ಬಾಣಿ ಅವಳನ್ನು ಗದರಿಸಿ ಮೇಲೆ ಕಳಿಸಿದಳು. ಖಿಚುಡಿ ತಿಂದು ಬಾ, ಪೆಟ್ಟಿಗೆ ನಾನು ನೋಡಿಕೊಳ್ಳುತ್ತೇನೆ ಎಂದಳು. ಆ ಮಾತು ನೆನಪಿಟ್ಟುಕೊಳ್ಳಿ. ಹತ್ತು ಗಂಟೆಗೆ ವರ್ಕ್‌ಶಾಪಿನವರು ಮೆಟ್ಟಿಲ ಬುಡದಲ್ಲಿ ನಿಂತು ಪುಷ್ಪಾಂಜಲಿಗೆ ಕರೆದರು. ಡಾಕ್ಟರ್ ದಿದಿ ಬರದೆ ಶುರು ಮಾಡಲ್ಲ ಎಂದು ಹಟ ಹಿಡಿದರು. ಹತ್ತು ನಿಮಿಷ ತಾನೇ ಎಂದು ಅವಳು ಕೆಳಗೆ ಹೋದಳು. ಹೂ ಹಾಕಿ ಕೈಮುಗಿದಾಗ ಬೇಡಿದ್ದೂ ಪಿಯಾಲಿಯ ಗೆರೆಯನ್ನೇ.

ವಾಪಸು ಬಂದಾಗ ಪೆಟ್ಟಿಗೆಯ ಬಾಗಿಲು ತೆರೆದಿತ್ತು.

ಲ್ಯಾಬಿನ ಅಟೆಂಡರ್ ಖಗೇನ್ ಬಾರುಯಿ ಮಡಿ ಧೋತರ ಉಟ್ಟು ಎಡಗೈಯಲ್ಲಿ ಬಾಗಿಲು ಹಿಡಿದು ನಿಂತಿದ್ದರು. ಇನ್ನು ನಾಲ್ಕು ತಿಂಗಳಿಗೆ ಅವರು ನಿವೃತ್ತಿ. ಬಾಗಿಲ ಮೇಲೆ ಹಸಿ ಕುಂಕುಮದ ಬೊಟ್ಟು. ಬಲಗೈಯ ಊದಿನಕಡ್ಡಿಯನ್ನು, ಹೊಗೆ ಒಳಗೆ ಹೋಗದ ಹಾಗೆ, ಬೆನ್ನ ಹಿಂದೆ ಹಿಡಿದಿದ್ದರು. ಕೂಗಬೇಕಿದ್ದ ಅಲಾರಂ ಕೂಗುತ್ತಿರಲಿಲ್ಲ, ಗುಂಡಿ ಒತ್ತಿ ಸುಮ್ಮನಾಗಿಸಿದ್ದರು.

"ಖಗೇನ್‌ದಾ, ಏನ್ ಮಾಡ್ತಿದ್ದೀರಿ?"

"ಆಯ್ತು ದಿದಿಮಣಿ, ಆಯ್ತು. ಕಡ್ಡಿ ಅರ್ಧ ಉರಿದ್ರೆ ಮುಚ್ಚಿಬಿಡೋದು." ಖಗೇನ್‌ದಾ ತಿರುಗಿ ನಕ್ಕರು, ಬಾಗಿಲು ಬಿಡಲಿಲ್ಲ. "ವರ್ಷವಿಡೀ ಆ ಸನ್ಯಾಸಿನಿ ತಾಯಿನ ಉಸಿರು ಕಟ್ಟಿಸಿ ಇಡ್ತೀರಿ. ಇವತ್ತೊಂದಿನ ನಾಲ್ಕು ಗುಟುಕು ಗಾಳಿ ಕುಡೀಲಿ."

ಸನ್ಯಾಸಿನಿಯ ವಿಷಯ ಹೇಳಿದ್ದು ಶರ್ಬಾಣಿಯೇ. ಲ್ಯಾಬಿನಲ್ಲಿ ಬೆಳೆಸುವ ಆ ಕೋಶಗಳು ಐವತ್ತು ವರ್ಷಕ್ಕೂ ಹಿಂದೆ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡ ಅಮೆರಿಕದ ಒಬ್ಬ ಸನ್ಯಾಸಿನಿಯವು. ಅವರು ಹೋದರೂ ಅವರ ಗಡ್ಡೆಯ ಕೋಶಗಳು ಜಗತ್ತಿನ ಸಾವಿರಾರು ಲ್ಯಾಬುಗಳಲ್ಲಿ ಇನ್ನೂ ಬೆಳೆಯುತ್ತಿವೆ. ಯಾವುದೋ ಮಧ್ಯಾಹ್ನ ಚಹಾ ಕುಡಿಯುತ್ತ ಅವಳು ಇದನ್ನು ಹೇಳಿದಾಗ ಖಗೇನ್‌ದಾ ಲೋಟ ಕೆಳಗಿಟ್ಟು ಪೆಟ್ಟಿಗೆಯ ಕಡೆಗೆ ಕೈಮುಗಿದಿದ್ದರು. ಅವತ್ತು ಅವಳು ನಕ್ಕಿದ್ದಳು.

"ಒಳಗೆ ಪಿಯಾಲಿ ಡಿಶ್ ಇದೆ," ಎಂದಳು.

"ಗೊತ್ತು. ಅದಕ್ಕೇ ಒಂಚೂರು ಜಾಸ್ತಿ ಹೊತ್ತು ಹಿಡಿದೆ. ಆ ಮಗು ಮೆಟ್ಟಿಲ ಹತ್ರ ಕೂತು ಅಳೋದು ನೋಡಕ್ಕಾಗಲ್ಲ. ನಿಮಗೂ ಆ ವರ್ಷ ಹೀಗೇ ಮಾಡಿದ್ದಲ್ವಾ? ನೀವೇ ಹೇಳಿದ್ರಿ, ಖಗೇನ್‌ದಾ, ನನ್ನ ಪೆಟ್ಟಿಗೆಗೂ ಒಂದು ಬೊಟ್ಟಿಡಿ, ಗೆರೆ ಏಳಲಿ ಅಂತ. ಎದ್ದಿತ್ತಲ್ಲ."

ಅವರು ಕಡ್ಡಿ ನೋಡಿದರು. ಅರ್ಧ ಉರಿದಿತ್ತು. ಮೆಲ್ಲಗೆ, ಮಲಗಿದ ಮಗುವಿನ ಕೋಣೆಯ ಬಾಗಿಲು ಎಳೆಯುವ ಹಾಗೆ, ಪೆಟ್ಟಿಗೆ ಮುಚ್ಚಿ ಚಿಲಕ ತಿರುಗಿಸಿದರು. ಒಳಗೆ ನೈಟ್ರೋಜನ್ ಸುಯ್ಯೆಂದು ನುಗ್ಗತೊಡಗಿತು. ಪೂಜೆಯ ತಟ್ಟೆ ಎತ್ತಿಕೊಂಡು, ಇನ್ನೂ ಎರಡನೇ ಮಹಡಿಯ ಯಂತ್ರಗಳು ಬಾಕಿ ಎಂದು ಹೊರಟುಹೋದರು.

ಆ ಪೆಟ್ಟಿಗೆ ಹಳೆಯದು. ಅದರ ನೆತ್ತಿಯ ಮೇಲೆ ಗೋಡೆ ಗಡಿಯಾರದಂಥ ಒಂದು ಯಂತ್ರವಿದೆ. ಅದರಲ್ಲಿ ದುಂಡನೆಯ ಕಾಗದದ ಬಿಲ್ಲೆ ವಾರಕ್ಕೊಂದು ಸುತ್ತು ತಿರುಗುತ್ತದೆ, ಒಳಗೆ ಆಮ್ಲಜನಕ ಎಷ್ಟಿದೆ ಎಂದು ಕೆಂಪು ಪೆನ್ನು ಅದರ ಮೇಲೆ ಗೆರೆ ಎಳೆಯುತ್ತ ಹೋಗುತ್ತದೆ. ಈಗ ಎಲ್ಲರೂ ಮುಂದುಗಡೆ ಹೊಳೆಯುವ ಅಂಕಿಯನ್ನೇ ನೋಡುತ್ತಾರೆ, ಬಿಲ್ಲೆಯ ಕಡೆ ಕತ್ತೆತ್ತುವವರಿಲ್ಲ. ಖಗೇನ್‌ದಾ ಮಾತ್ರ ಪ್ರತಿ ಸೋಮವಾರ ಹಳೆಯದನ್ನು ತೆಗೆದು, ಹಿಂದೆ ತಾರೀಖು ಬರೆದು, ಗೋಡೆಯ ತಂತಿಗೆ ಪೋಣಿಸುತ್ತಿದ್ದರು. ಹೇಳಿದ್ದು ಯಾರೋ, ಇಪ್ಪತ್ತು ವರ್ಷದ ಹಿಂದೆ. ಬೇಡ ಎಂದು ಆಮೇಲೆ ಯಾರೂ ಹೇಳಿರಲಿಲ್ಲ.

ಶರ್ಬಾಣಿ ಸ್ಟೂಲಿನ ಮೇಲೆ ಹತ್ತಿ ತಂತಿ ಇಳಿಸಿದಳು. ಧೂಳಿನಿಂದ ಬೆರಳು ಕಪ್ಪಾದವು. ಆರು ವರ್ಷದ ಹಿಂದಿನ ಸೆಪ್ಟೆಂಬರ್ ಹುಡುಕಲು ತಡವಾಗಲಿಲ್ಲ, ಖಗೇನ್‌ದಾರ ಕ್ರಮ ಅಷ್ಟು ಅಚ್ಚುಕಟ್ಟು. ಬಿಲ್ಲೆಯ ಸುತ್ತ ಒಂದು ಎಂಬ ಅಂಕಿಯ ಮೇಲೆ ನೆಟ್ಟಗೆ ಓಡಿದ ಕೆಂಪು ಗೆರೆ ಒಂದು ಕಡೆ ಮುಳ್ಳಿನ ಹಾಗೆ ಮೇಲೆ ಚುಚ್ಚಿ ಮತ್ತೆ ಇಳಿದಿತ್ತು. ಹದಿನೇಳನೇ ತಾರೀಖು, ಹತ್ತು ಗಂಟೆಯ ಸುಮಾರು. ಅವತ್ತು ಅವಳು ಡಿಶ್ ತೆಗೆದದ್ದು ಹನ್ನೆರಡಕ್ಕೆ. ಅಷ್ಟರಲ್ಲಿ ಪೆಟ್ಟಿಗೆ ಮತ್ತೆ ಒಂದಕ್ಕೆ ಇಳಿದಿತ್ತು. ಅವಳು ಮುಂದುಗಡೆಯ ಅಂಕಿ ನೋಡಿದ್ದಳು, ಸರಿಯಾಗಿದೆ ಎಂದು ಬರೆದುಕೊಂಡಿದ್ದಳು.

ಅವಳಿಗೆ ಬಿಡಿಸಿ ಹೇಳುವವರು ಬೇಕಿರಲಿಲ್ಲ. ಉಸಿರುಗಟ್ಟಿ ಕೂತ ಕೋಶಕ್ಕೆ ಒಮ್ಮೆಲೇ ಗಾಳಿ ಸಿಕ್ಕರೆ ಅದು ಸುಟ್ಟುಕೊಂಡಂತೆ ತತ್ತರಿಸುತ್ತದೆ. ಆ ಗಾಬರಿಗೆ ಒಂದಷ್ಟು ಜೀನ್‌ಗಳು ಎದ್ದು ಕೂರುತ್ತವೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಲಗುತ್ತವೆ. ಹೊಸ ಸಂಗತಿಯೇನಲ್ಲ, ಎಂಎಸ್ಸಿ ಮಕ್ಕಳಿಗೂ ಪಾಠದಲ್ಲಿದೆ. ಎಚ್-ಹನ್ನೆರಡು ಗಡ್ಡೆಯ ಕತ್ತಲಲ್ಲಿ ಎದ್ದ ಜೀನ್ ಅಲ್ಲ. ಅರ್ಧ ಊದಿನಕಡ್ಡಿ ಉರಿಯುವಷ್ಟು ಹೊತ್ತು ಬಾಗಿಲು ತೆರೆದದ್ದಕ್ಕೆ ಬೆಚ್ಚಿಬಿದ್ದ ಜೀನ್. ಯಾವ ರೋಗಿಯ ಎದೆಯಲ್ಲೂ ಅದಕ್ಕೆ ಕೆಲಸವಿಲ್ಲ. ಅವಳ ಡಾಕ್ಟರೇಟ್, ಅವಳ ಹುದ್ದೆ, ಗುಹ ಸರ್ ಕೋಣೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ ಆ ಪತ್ರಿಕೆಯ ಮುಖಪುಟ, ಪಿಯಾಲಿಯ ಮೂರು ವರ್ಷ, ಮೆಟ್ಟಿಲ ಮೇಲೆ ಅತ್ತದ್ದು, ಎಲ್ಲ ಆ ಒಂದು ಕೆಂಪು ಮುಳ್ಳಿನ ತುದಿಯಲ್ಲಿ ಕೂತಿತ್ತು.

ತಂತಿಯನ್ನು ಮತ್ತೆ ಮೊಳೆಗೆ ಸಿಕ್ಕಿಸಿ ಅವಳು ತಾರಸಿಗೆ ಹೋದಳು. ಹೇಳುವುದಕ್ಕೇ ಹೋದಳು, ನಂಬಿ. ಡಿಶ್ ತೆಗೆಯಬೇಡ, ಹಾಳಾಗಿದೆ, ಖಗೇನ್‌ದಾ ಬಾಗಿಲು ತೆರೆದರು ಅಂದರೆ ಮುಗಿಯಿತು. ಇನ್ನೊಮ್ಮೆ ಇಡಲು ಸಮಯವಿರಲಿಲ್ಲ, ನಾಳೆಯೇ ಶುಕ್ರವಾರ.

ಪಿಯಾಲಿ ಬಾಳೆಯೆಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಖಿಚುಡಿ ಹಾಗೇ ಇತ್ತು. ಕೈಯಲ್ಲಿ ಫೋನು. ಅಮ್ಮ, ಎಂದು ಶರ್ಬಾಣಿಗೆ ಸನ್ನೆ ಮಾಡಿ ಮಾತು ಮುಂದುವರಿಸಿದಳು. ಇವತ್ತು ಆಗದಿದ್ದರೆ ಶನಿವಾರ ಲ್ಯಾಬಿನಲ್ಲಿಟ್ಟ ಸಾಮಾನೆಲ್ಲ ಕಟ್ಟಿಕೊಂಡು ಬಂದುಬಿಡುತ್ತೇನೆ, ಸ್ಕೂಲಿನವರಿಗೆ ಹೂಂ ಅಂದುಬಿಡು ಎನ್ನುತ್ತಿದ್ದಳು. ಅತ್ತಿರಲಿಲ್ಲ. ರೈಲಿನ ಸಮಯ ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದಳು. ಫೋನಿಟ್ಟ ಮೇಲೆ ಮುಖವೆತ್ತಿ ಕೇಳಿದಳು.

"ಪೆಟ್ಟಿಗೆ ಒಂದರಲ್ಲೇ ಇದೆಯಾ ದಿದಿ?"

ಹೇಗೂ ಗೆರೆ ಏಳದೇ ಇರಬಹುದು ಎಂದುಕೊಂಡಳು ಶರ್ಬಾಣಿ. ಆರು ವರ್ಷದ ಹಿಂದಿನದು ಬೇರೆ ಕಾರಣಕ್ಕೂ ಆಗಿರಬಹುದಲ್ಲ. ಇವತ್ತು ಏಳದಿದ್ದರೆ ಬಾಗಿಲು ಕಾರಣವೇ ಅಲ್ಲ ಎಂದಾಗುತ್ತದೆ, ಆಗ ಹೇಳುವುದಕ್ಕೂ ಏನಿರುವುದಿಲ್ಲ. ಎದ್ದರೆ ಆಗ ಹೇಳಿದರಾಯಿತು. ಮೊದಲು ತಿಳಿಯಲಿ. ವಿಜ್ಞಾನಿಯ ಹಾಗೆ ಯೋಚಿಸುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಮೊಬೈಲಿನಲ್ಲಿ ಸಮಯ ನೋಡಿದಳು. ಅಷ್ಟು ಹೊತ್ತಿಗೆ ಪೆಟ್ಟಿಗೆ ಮತ್ತೆ ಒಂದಕ್ಕೆ ಇಳಿದಿರುತ್ತದೆ.

"ಒಂದರಲ್ಲೇ ಇದೆ. ನೀನು ತಿನ್ನು."

ಅದು ಸುಳ್ಳೂ ಆಗಿರಲಿಲ್ಲ.

ಹನ್ನೆರಡಕ್ಕೆ ಡಿಶ್ ಹೊರಬಂತು. ಪಿಯಾಲಿ ಕೋಶಗಳನ್ನು ಒಡೆದಳು, ಆರ್‌ಎನ್‌ಎ ತೆಗೆದಳು, ಅಳೆದಳು, ಗುಳಿಗಳ ತಟ್ಟೆಗೆ ತುಂಬಿ ಯಂತ್ರದೊಳಗಿಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ. ಶರ್ಬಾಣಿ ಎದುರಿನ ಮೇಜಿನಲ್ಲಿ ಯಾವುದೋ ಹಳೆಯ ಲೇಖನ ತೆರೆದಿಟ್ಟುಕೊಂಡು ಒಂದೇ ಸಾಲನ್ನು ಓದುತ್ತ ಕೂತಿದ್ದಳು. ನಡುವೆ ಖಗೇನ್‌ದಾ ಒಂದು ಸ್ಟೀಲ್ ಡಬ್ಬಿಯಲ್ಲಿ ಖಿಚುಡಿ ತಂದು ಅವಳ ಪಕ್ಕ ಇಟ್ಟು, ಮೇಲೆ ತಟ್ಟೆ ಮುಚ್ಚಿ ಹೋದರು. ಅವಳು ಬೆಳಿಗ್ಗೆಯಿಂದ ತಿಂದಿಲ್ಲ ಎಂಬುದನ್ನು ಗಮನಿಸಿದವರು ಇಡೀ ಲ್ಯಾಬಿನಲ್ಲಿ ಅವರೊಬ್ಬರೇ.

ನಾಲ್ಕೂಮುಕ್ಕಾಲಿಗೆ ಪರದೆಯ ಮೇಲೆ ಗೆರೆಗಳು ಕಾಣಿಸಿಕೊಂಡವು. ಮೊದಲು ಎಂದಿನವು ಎದ್ದವು. ಆಮೇಲೆ, ಯಂತ್ರದ ಇಪ್ಪತ್ತೆರಡನೆಯ ಸುತ್ತಿಗೆ, ತಳದಲ್ಲಿದ್ದ ಕೆಂಪು ಗೆರೆ ಸ್ವಲ್ಪ ಮಿಸುಕಿತು. ಪಿಯಾಲಿ ಪರದೆಗೆ ಮೂಗು ತಾಗುವಷ್ಟು ಬಾಗಿದಳು. ಗೆರೆ ತಲೆಯೆತ್ತಿತು. ಇನ್ನೊಂದು, ಮತ್ತೊಂದು. ಮೂರು ಡಿಶ್, ಮೂರು ಗೆರೆ, ಒಂದರ ಬೆನ್ನಿಗೊಂದು, ಆರು ವರ್ಷದ ಹಿಂದೆ ಶರ್ಬಾಣಿ ನೋಡಿದ್ದ ಅದೇ ಬಾಗು, ಅದೇ ಎತ್ತರ.

ಪಿಯಾಲಿ ಸ್ಟೂಲಿನಿಂದ ಇಳಿದು ಪೆಟ್ಟಿಗೆಯ ಹತ್ತಿರ ಹೋಗಿ, ಕುಂಕುಮದ ಬೊಟ್ಟಿನ ಪಕ್ಕ ಹಣೆ ಒತ್ತಿ ನಿಂತಳು. ಅವಳ ಬೆನ್ನು ಅಲುಗುತ್ತಿತ್ತು. ತಿರುಗಿದಾಗ ಹಣೆಗೂ ಒಂದು ಕೆಂಪು ಗುರುತು ಅಂಟಿತ್ತು.

"ನನ್ನ ಕೈ ಸರಿ ಇತ್ತು ದಿದಿ," ಎಂದಳು. "ಮೂರು ವರ್ಷದಿಂದ ಸರಿ ಇತ್ತು."

"ಸರಿ ಇತ್ತು," ಎಂದಳು ಶರ್ಬಾಣಿ. ಆ ದಿನ ಅವಳು ಆಡಿದ ಮಾತುಗಳಲ್ಲಿ ಪೂರಾ ನಿಜವಾದದ್ದು ಅದೊಂದೇ.

ಸುದ್ದಿ ತಿಳಿದು ಗುಹ ಸರ್ ಬಂದರು. ಪರದೆಯ ಮುಂದೆ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನಿಂತರು. ವಿಶ್ವಕರ್ಮನಿಗೆ ವರ್ಷಕ್ಕೊಮ್ಮೆಯಾದರೂ ನಮ್ಮ ಮೇಲೆ ಕರುಣೆ ಬರುತ್ತದೆ ಎಂದು ನಗಾಡಿದರು. ಪಿಯಾಲಿಯ ತಲೆ ಮುಟ್ಟಿ, ಬೆಳಿಗ್ಗೆ ಒಂಬತ್ತಕ್ಕೆ ಕಾಗದ ತಗೊಂಡು ಬಾ, ಇನ್ನು ಮೂರು ವರ್ಷ ಇದೇ ಜೀನು, ಬೇರೆ ಕಡೆ ಕಣ್ಣು ಹಾಯಿಸಬೇಡ ಎಂದರು. ಹುಡುಗಿ ಅಮ್ಮನಿಗೆ ಹೇಳಲು ಫೋನ್ ಹಿಡಿದು ಹೊರಗೆ ಓಡಿದಳು.

ಮೂರು ವರ್ಷ. ಇಪ್ಪತ್ತೊಂದನೇ ಸಲ, ಇಪ್ಪತ್ತೆರಡನೇ ಸಲ, ನಲವತ್ತನೇ ಸಲ ಪರದೆಯ ಮುಂದೆ ಕೂರುವ ಆ ಹುಡುಗಿಯ ಬೆನ್ನು ಶರ್ಬಾಣಿಗೆ ಕಣ್ಣಿಗೆ ಕಟ್ಟಿದಂತಾಯಿತು. ತೊಡೆಯ ಕೆಳಗೆ ಒತ್ತಿಟ್ಟ ಕೈಗಳೂ.

"ಸರ್," ಎಂದಳು. "ಪೆಟ್ಟಿಗೆ ಬಾಗಿಲು..."

ಗುಹ ಸರ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇವತ್ತು ಹಬ್ಬ ಶರ್ಬಾಣಿ."

"ಹೌದು, ಆದರೆ ಬೆಳಿಗ್ಗೆ ಖಗೇನ್‌ದಾ..."

"ಖಗೇನ್‌ದಾ ಮೂವತ್ತನಾಲ್ಕು ವರ್ಷ ದುಡಿದಿದ್ದಾರೆ. ಜನವರಿಯಲ್ಲಿ ಹೋಗ್ತಾರೆ. ಒಳ್ಳೆ ರೀತಿಲಿ ಹೋಗಲಿ." ಆಮೇಲೆ ತಿರುಗಿ ಅವಳನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಪ್ರಶ್ನೆಯೂ ಇರಲಿಲ್ಲ. ಬಹಳ ದಿನದಿಂದ ನಿದ್ದೆಗೆಟ್ಟವರ ಹಾಗೆ ಕಂಡರು. "ಏನಿದ್ರೂ ಸೋಮವಾರ ಮಾತಾಡೋಣ. ಆಯ್ತಾ?"

ಅವರು ಹೋದ ಮೇಲೆ ಶರ್ಬಾಣಿಗೆ ಆ ಮಾರ್ಚ್ ತಿಂಗಳು ನೆನಪಾಯಿತು. ಸಿಲಿಂಡರ್ ಕೈಕೊಟ್ಟಿರಬೇಕು ಎಂದಾಗಲೂ ಅವರು ಹೀಗೇ ನೋಡಿದ್ದರು. ಆಗ ಅದು ಅವಳಿಗೆ ತಂದೆಯ ನೋಟದಂತೆ ಕಂಡಿತ್ತು.

ಹೊರಗೆ ಬಿಸಿಲು ಇಳಿಯುತ್ತಿತ್ತು. ತಾರಸಿಗಳ ಮೇಲೆ ಗಾಳಿಪಟದ ಮಾಂಜಾ ದಾರ ಸುತ್ತಿಕೊಳ್ಳುತ್ತಿದ್ದರು. ಪಿಯಾಲಿ ಪ್ರಯೋಗದ ಪುಸ್ತಕ ಎದೆಗವಚಿಕೊಂಡು ಬಂದಳು. ಅಮ್ಮ ಅತ್ತರಂತೆ, ಪಕ್ಕದ ಮನೆಯವರನ್ನೆಲ್ಲ ಕರೆದು ಹೇಳಿದರಂತೆ, ಎಚ್-ಹನ್ನೆರಡು ಅಂದರೆ ಏನು ಅಂತ ಅವರು ಕೇಳಿದರೆ ಅಮ್ಮನಿಗೆ ಗೊತ್ತಿಲ್ಲವಂತೆ. ಹೇಳುತ್ತ ಹೇಳುತ್ತ ಪುಸ್ತಕವನ್ನು ಮೇಜಿನ ಮೇಲೆ ತೆರೆದಳು. ಇಪ್ಪತ್ತನೇ ಪುಟ. ದುಂಡನೆಯ ಅಕ್ಷರದಲ್ಲಿ ಎಲ್ಲ ಬರೆದು ಮುಗಿಸಿದ್ದಳು. ಕೊನೆಯ ಸಾಲು ಎಂದಿನದೇ, ನಲವತ್ತೆಂಟು ಗಂಟೆ ಬಾಗಿಲು ತೆರೆದಿಲ್ಲ. ಅದರ ಕೆಳಗೆ ಅಡ್ಡಗೆರೆ, ಖಾಲಿ.

"ಸಾಕ್ಷಿ," ಎಂದು ಪೆನ್ನು ಚಾಚಿದಳು. "ಬೇರೆ ಯಾರ ಕೈಲೂ ಹಾಕಿಸಲ್ಲ. ನೀನೇ ಹಾಕ್ಬೇಕು."

ಶರ್ಬಾಣಿ ಪೆನ್ನು ತೆಗೆದುಕೊಂಡಳು. ಹುಡುಗಿಯ ಹಣೆಯ ಕುಂಕುಮ ಇನ್ನೂ ಹಾಗೇ ಇತ್ತು. ಹೇಳಿದರೆ ಈಗಲೇ ಹೇಳಬೇಕು. ಹೇಳಿದರೆ ಈ ಮುಖ ಏನಾಗುತ್ತದೆ ಎಂದು ಅವಳು ನೋಡಬೇಕು, ಆ ಅಮ್ಮ ಪಕ್ಕದ ಮನೆಗಳಿಗೆ ಮತ್ತೆ ಹೋಗಿ ಹೇಳಬೇಕು, ಖಗೇನ್‌ದಾ ನಾಲ್ಕು ಜನರ ಮುಂದೆ ಕೈಕಟ್ಟಿ ನಿಲ್ಲಬೇಕು. ಹೇಳದಿದ್ದರೆ ಯಾರೂ ಏನೂ ಮಾಡಬೇಕಾಗಿಲ್ಲ. ಸೋಮವಾರ, ಎಂದುಕೊಂಡಳು. ಸೋಮವಾರ ಏನೂ ನಡೆಯುವುದಿಲ್ಲ ಎಂಬುದೂ ಅವಳಿಗೆ ಅದೇ ಗಳಿಗೆಯಲ್ಲಿ ಗೊತ್ತಿತ್ತು.

ಅವಳು ಸಹಿ ಹಾಕಿದಳು. ಮೇಲೆ ಸಮಯವನ್ನೂ ಬರೆದಳು, ಐದೂ ಇಪ್ಪತ್ತು.

ಪಿಯಾಲಿ ಪುಸ್ತಕ ಎತ್ತಿಕೊಂಡು ಹೋದ ಮೇಲೆ ಲ್ಯಾಬಿನಲ್ಲಿ ಪೆಟ್ಟಿಗೆಯ ಸದ್ದೊಂದೇ ಉಳಿಯಿತು. ಖಾಲಿ ಪೆಟ್ಟಿಗೆ, ಆದರೂ ನೈಟ್ರೋಜನ್ ಸುಯ್ಯೆನ್ನುತ್ತಿತ್ತು, ನಿಲ್ಲಿಸುವುದನ್ನು ಮರೆತಿದ್ದರು. ಮೇಲೆ ಬಿಲ್ಲೆ ಕಂಡೂ ಕಾಣದಷ್ಟು ನಿಧಾನಕ್ಕೆ ತಿರುಗುತ್ತಿತ್ತು. ಬೆಳಿಗ್ಗೆಯ ಕೆಂಪು ಮುಳ್ಳು ಆಗಲೇ ಸ್ವಲ್ಪ ಎಡಕ್ಕೆ ಸರಿದಿತ್ತು, ಪೆನ್ನು ಒಂದರ ಮೇಲೆ ನೆಟ್ಟಗೆ ಓಡುತ್ತಿತ್ತು. ಸೋಮವಾರ ಖಗೇನ್‌ದಾ ಅದನ್ನು ತೆಗೆದು, ಹಿಂದೆ ತಾರೀಖು ಬರೆದು, ಯಾರು ಬೇಕಾದರೂ ನೋಡುವಂತೆ ಗೋಡೆಯ ತಂತಿಗೆ ಪೋಣಿಸುತ್ತಾರೆ. ಶರ್ಬಾಣಿ ಡಬ್ಬಿಯ ಮೇಲಿನ ತಟ್ಟೆ ಸರಿಸಿದಳು. ಖಿಚುಡಿ ಆರಿ ಗಟ್ಟಿಯಾಗಿ ಕೆನೆ ಕಟ್ಟಿತ್ತು. ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡು ಕಿಟಕಿಯ ಹೊರಗೆ ನೋಡಿದಳು. ಎಲ್ಲೋ ಕತ್ತರಿಸಿಹೋದ ಒಂದು ಗಾಳಿಪಟ, ಇನ್ನೂ ಬೀಳದೆ, ನೀರಿನ ಟ್ಯಾಂಕಿನ ಮೇಲೆ ಓಲಾಡುತ್ತಿತ್ತು.

ಇಷ್ಟೇ ನಡೆದದ್ದು, ಒಂದೂ ಬಿಡದೆ ಹೇಳಿದ್ದೇನೆ. ಈಗ ನೀವು ಹೇಳಿ. ಆ ಹುಡುಗಿ ಹಣೆಗೆ ಕುಂಕುಮ ಅಂಟಿಸಿಕೊಂಡು ನಗುತ್ತ ಪೆನ್ನು ಚಾಚಿದಾಗ, ಶರ್ಬಾಣಿಯ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?